ಉತ್ತರ: ಮಸುಕಾದ ಗಾಜಿನ ಲೋಟ, ಅಂಟುವ ಮೊಸಾಯಿಕ್ ನೆಲ

ಅಕ್ಕ, ನೀವು ಕೇಳಿರೋದು ಎರಡು ತೊಂದರೆ. ಬೋರ್‌ವೆಲ್ ನೀರಲ್ಲಿ ತೊಳೆದ ಗಾಜಿನ ಲೋಟಗಳು ಎಷ್ಟು ತಿಕ್ಕಿದರೂ ಮಸುಕು. ಅಡುಗೆಮನೆಯ ಮೊಸಾಯಿಕ್ ನೆಲ ಒರೆಸಿದ ಅರ್ಧ ಗಂಟೆಗೇ ಕಾಲಿಗೆ ಅಂಟುತ್ತೆ, ಸಿಂಕಿನ ಕೆಳಗೆ ಬಿಳಿ ಪೊರೆ ಬೇರೆ. ಮೇಲೆ ಉತ್ತರ ಕೊಟ್ಟ ಇಬ್ಬರು ಎರಡಕ್ಕೂ ವಿನೆಗರ್ ಹಾಕಿ ಅಂದಿದ್ದಾರೆ. ಲೋಟಕ್ಕೆ ಖಂಡಿತ ಹಾಕಿ. ನೆಲಕ್ಕೆ ಮಾತ್ರ ದಯವಿಟ್ಟು ಬೇಡ.

ಗಡಸು ನೀರು ಆರಿದಾಗ ಉಳಿಯೋದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಅಂಶ. ಅದು ಸೋಪಿಗೆ ಜಗ್ಗಲ್ಲ, ಹುಳಿಗೆ ಕರಗುತ್ತೆ. ಗಾಜಿಗೆ ವಿನೆಗರ್, ನಿಂಬೆಹುಳಿಯಿಂದ ಏನೂ ಆಗಲ್ಲ. ಆದರೆ ಮೊಸಾಯಿಕ್‌ನಲ್ಲಿರೋ ಚೂರುಗಳು ಅಮೃತಶಿಲೆ, ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಕಲೆಯೂ ಸುಣ್ಣ, ಕಲ್ಲೂ ಸುಣ್ಣ. ಹುಳಿ ಎರಡನ್ನೂ ತಿನ್ನುತ್ತೆ. ಹೊಳಪು ಹೋದ ಜಾಗಕ್ಕೆ ಆಮೇಲೆ ಮೆಷಿನ್ ಪಾಲಿಶೇ ಗತಿ. ಕಡಪ ಕಲ್ಲು, ಶಹಾಬಾದ್ ಕಲ್ಲು ಇರೋರಿಗೂ ಇದೇ ಮಾತು, ಅವೂ ಸುಣ್ಣದ ಕಲ್ಲುಗಳೇ. ರೆಡ್ ಆಕ್ಸೈಡ್ ನೆಲದಲ್ಲಿ ಸಿಮೆಂಟನ್ನೇ ತಿನ್ನುತ್ತೆ. ವಿಟ್ರಿಫೈಡ್ ಟೈಲ್ಸ್ ತಡೆಯುತ್ತೆ, ಆದರೆ ಸಂದಿಯ ಸಿಮೆಂಟ್ ಸವೆಯುತ್ತೆ.

ಮೊದಲು ಒಂದು ಲೋಟ ಪರೀಕ್ಷೆ ಮಾಡಿ. ಬೆರಳಿಗೆ ವಿನೆಗರ್ ಹಚ್ಚಿ ಒಳಗೆ ಒಂದು ಕಡೆ ಒಂದೆರಡು ನಿಮಿಷ ಉಜ್ಜಿ, ತೊಳೆದು, ಬಟ್ಟೆಯಿಂದ ಪೂರ್ತಿ ಒಣಗಿಸಿ ಬೆಳಕಿಗೆ ಹಿಡಿಯಿರಿ. ಒಣಗಿಸದೆ ನೋಡಬೇಡಿ, ಸವೆದ ಗಾಜು ಕೂಡ ಒದ್ದೆಯಿದ್ದಾಗ ತಿಳಿಯಾಗೇ ಕಾಣುತ್ತೆ, ಗೀರುಗಳಲ್ಲಿ ನೀರು ತುಂಬಿರುತ್ತೆ. ಉಜ್ಜಿದ ಜಾಗ ಕಿಟಕಿಯಂತೆ ತಿಳಿಯಾದರೆ ಸುಣ್ಣ, ಹೋಗುತ್ತೆ. ಇನ್ನೊಂದು ಸಲ ಉಜ್ಜಿದರೂ ಮಂಜು ಹಾಗೇ ಇದ್ದರೆ ಗಾಜೇ ಸವೆದಿದೆ. ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ನಾರು ಅಥವಾ ಡಿಶ್‌ವಾಶರ್‌ನ ಬಿಸಿ ಮತ್ತು ಅದಕ್ಕೆ ಹಾಕುವ ಕ್ಷಾರದ ಪುಡಿಯಿಂದ ಹಾಗಾಗುತ್ತೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಸುಣ್ಣವೇ ಆಗಿದ್ದರೆ ಪ್ಲಾಸ್ಟಿಕ್ ಟಬ್ಬಿಗೆ ಒಂದು ಲೀಟರ್ ಉಗುರುಬೆಚ್ಚಗಿನ ನೀರು, ಒಂದು ದೊಡ್ಡ ಚಮಚ ನಿಂಬೆ ಉಪ್ಪು, ಅಂದರೆ ಸುಮಾರು 15 ಗ್ರಾಂ ಸಿಟ್ರಿಕ್ ಆ್ಯಸಿಡ್. ಲೋಟ ಪೂರ್ತಿ ಮುಳುಗಿರಲಿ. ಅರ್ಧ ಮುಳುಗಿಸಿದರೆ ನೀರಿನ ಮಟ್ಟದಲ್ಲಿ ಗೆರೆ ಉಳಿಯುತ್ತೆ. ಅರ್ಧ ಗಂಟೆ ಬಿಟ್ಟು ಮೆತ್ತನೆ ಸ್ಪಂಜಿನಿಂದ ಉಜ್ಜಿ ತೊಳೆಯಿರಿ. ಚಿನ್ನದ ಗೆರೆ, ಬಣ್ಣದ ಚಿತ್ರ ಇರೋ ಲೋಟ ನೆನೆಹಾಕಬೇಡಿ. ಕುದಿಯುವ ನೀರೂ ಬೇಡ, ಸಾಧಾರಣ ಗಾಜು ಸೀಳುತ್ತೆ. ತೊಳೆದ ಕೂಡಲೇ ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ ಒಣಗಿಸೋದೇ ಇದರಲ್ಲಿ ಮುಖ್ಯ. ಬೋರಲು ಹಾಕಿ ಹಾಗೇ ಬಿಟ್ಟರೆ ನಾಳೆಗೆ ಬಾಯಿಯ ಸುತ್ತ ಮತ್ತೆ ಬಿಳಿ ಬಳೆ.

ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸಿ ಅಂದೋರಿಗೆ: ನೊರೆ ಚೆನ್ನಾಗಿ ಬರುತ್ತೆ, ಆದರೆ ಒಂದರ ಶಕ್ತಿಯನ್ನ ಇನ್ನೊಂದು ತೆಗೆದುಬಿಡುತ್ತೆ. ಹುಳಿ ಬೇಕಾದಲ್ಲಿ ಹುಳಿ, ಚಹಾದ ಕಲೆಗೆ ಬರೀ ಸೋಡಾ.

ಇನ್ನು ನೆಲ. ಅಂಟಿಗೆ ಕಾರಣ ಒಗ್ಗರಣೆಯ ಎಣ್ಣೆ ಹಬೆ, ಅದರ ಮೇಲೆ ಹೆಚ್ಚಾದ ಸೋಪು. ಒಂದು ಮುಚ್ಚಳ ಬದಲು ಮೂರು ಮುಚ್ಚಳ ಲಿಕ್ವಿಡ್ ಹಾಕಿದರೆ ಅದು ನೆಲದ ಮೇಲೇ ಒಣಗುತ್ತೆ, ಧೂಳು ಹಿಡಿಯುತ್ತೆ. ಮಾಮೂಲಿ ಸೋಪಾದರೆ ಗಡಸು ನೀರಿನೊಂದಿಗೆ ಸೇರಿ ಜಿಡ್ಡಿನಂಥ ಗಸಿಯನ್ನೂ ಬಿಡುತ್ತೆ. ಫಿನಾಯಿಲ್ ವಾಸನೆ ತರುತ್ತೆ, ಎಣ್ಣೆ ಬಿಡಿಸಲ್ಲ. ಎರಡು ಬಕೆಟ್ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಕೈ ತಾಳುವಷ್ಟು ಬಿಸಿಯ 5 ಲೀಟರ್ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಚಿಕ್ಕ ಚಮಚ. ಒಲೆಯ ಮುಂದೆ ಧಾರಾಳವಾಗಿ ಹಚ್ಚಿ, ಐದು ನಿಮಿಷ ಬಿಟ್ಟು ನೈಲಾನ್ ಬ್ರಶ್ಶಿನಿಂದ ತಿಕ್ಕಿ, ಕೊಳೆ ನೀರನ್ನು ಒಣಗುವ ಮೊದಲೇ ಬಟ್ಟೆಗೆ ಹೀರಿಸಿ. ಎರಡನೇ ಬಕೆಟ್ಟಿನ ಬರೀ ನೀರಲ್ಲಿ ಎರಡು ಸಲ ಒರೆಸಿ, ನೀರು ಬೂದಿಬಣ್ಣಕ್ಕೆ ತಿರುಗಿದ ಕೂಡಲೇ ಚೆಲ್ಲಿ ಹೊಸದು ತನ್ನಿ. ಕೊನೆಗೆ ಒಣಬಟ್ಟೆ. ಹಳೇ ಸೋಪಿನ ಪದರ ಪೂರ್ತಿ ಹೋಗಲು ಎರಡು ಮೂರು ಸಲ ಬೇಕಾಗಬಹುದು.

ಸಿಂಕಿನ ಕೆಳಗಿನ ಪೊರೆಗೆ ಒದ್ದೆ ಬಟ್ಟೆ ಕಾಲು ಗಂಟೆ ಹಾಸಿ, ಅವಧಿ ಮುಗಿದ ಎಟಿಎಂ ಕಾರ್ಡನ್ನು ಓರೆಯಾಗಿ ಹಿಡಿದು ಹೆರೆಯಿರಿ. ನಿಧಾನ, ಆದರೆ ಕಲ್ಲು ಉಳಿಯುತ್ತೆ. ನೀರು ಎಲ್ಲಿಂದ ತೊಟ್ಟಿಕ್ಕುತ್ತಿದೆ ನೋಡಿ, ಪೈಪಿನ ವಾಷರ್ ಬದಲಾಯಿಸದೆ ಪೊರೆ ನಿಲ್ಲಲ್ಲ.

ನೆಲಕ್ಕೆ ಟಾಯ್ಲೆಟ್ ಆ್ಯಸಿಡ್ ಹಾಕಿ ಅನ್ನೋ ಸಲಹೆಯನ್ನಂತೂ ಮುಟ್ಟಲೇಬೇಡಿ. ಆ ನೆಲಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದಿದ್ದರೆ ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಅಡುಗೆಮನೆಯಲ್ಲಿ ಉಸಿರಿಗೇ ಅಪಾಯ.

ಲೋಟ ನೆನೆಸಿ ಉಳಿದ ನಿಂಬೆ ಉಪ್ಪಿನ ನೀರನ್ನೂ ನೆಲಕ್ಕೆ ಚೆಲ್ಲಬೇಡಿ. ಬ್ಲೀಚಿಂಗ್ ಪೌಡರ್ ಹಾಕಿರದ ಕಮೋಡ್‌ಗೆ ಸುರಿದು ರಾತ್ರಿ ಬಿಡಿ, ಅಲ್ಲಿನ ಸುಣ್ಣದ ಗೆರೆಯೂ ಸಡಿಲವಾಗುತ್ತೆ.