ಕ್ಯಾಮೆರಾ ಬಾಡಿ ಕೊಳ್ಳಲೋ, ಲೆನ್ಸ್ ಕೊಳ್ಳಲೋ? ಹಾಳಾದ ಫೋಟೊಗಳನ್ನೇ ಕೇಳಿ ನೋಡಿ

ಪ್ರಶ್ನೆ: ಸರ್, ನನ್ನ ಹತ್ತಿರ ಆರು ವರ್ಷ ಹಳೆಯ 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್ ಇದೆ. ಸೆನ್ಸರ್ ಎಪಿಎಸ್-ಸಿ, ಅಂದರೆ ಚಿಕ್ಕ ಅಳತೆಯದು. ಲೆನ್ಸ್ ಅಂತ ಇರುವುದು ಜೊತೆಗೆ ಬಂದ 18-55 ಒಂದೇ. ಮಗಳು ಡಾನ್ಸ್ ಕಲಿಯುತ್ತಿದ್ದಾಳೆ. ಸ್ಟೇಜ್ ಮೇಲೆ ಅವಳ ಫೋಟೊ ತೆಗೆದರೆ ಕೈಕಾಲೆಲ್ಲ ಅಲುಗಿರುತ್ತದೆ, ಮುಖದ ಮೇಲೆ ಮರಳು ಚೆಲ್ಲಿದ ಹಾಗೆ ನಾಯ್ಸ್ ಇರುತ್ತದೆ. ಬಿಸಿಲಲ್ಲಿ ತೆಗೆದರೆ ಮಾತ್ರ ಚೆನ್ನಾಗಿಯೇ ಬರುತ್ತದೆ. ಒಬ್ಬ ಸ್ನೇಹಿತ "ಕ್ಯಾಮೆರಾ ಹಳೆಯದಾಯ್ತು, 45 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ತಗೋ" ಅನ್ನುತ್ತಾನೆ. ಇನ್ನೊಬ್ಬ "ಬಾಡಿ ಮುಟ್ಟಬೇಡ, ಲೆನ್ಸ್ ತಗೋ" ಅನ್ನುತ್ತಾನೆ. ಎರಡಕ್ಕೂ ಒಟ್ಟಿಗೆ ದುಡ್ಡು ಹೊಂದಿಸಲು ಆಗುವುದಿಲ್ಲ. ಯಾವುದು ಮೊದಲು?

ಉತ್ತರ: ಲೆನ್ಸ್ ತಗೊಳ್ಳಿ. ಆದರೆ "ಲೆನ್ಸೇ ಎಲ್ಲ, ಬಾಡಿ ಏನೂ ಅಲ್ಲ" ಅನ್ನುವ ಮಾತು ನಂಬಿ ಅಲ್ಲ. ಆ ಮಾತು ಅರ್ಧ ಮಾತ್ರ ನಿಜ, ಅದನ್ನು ಮುಂದಿನ ಪತ್ರದಲ್ಲಿ ನೋಡೋಣ. ನಿಮಗೆ ಲೆನ್ಸ್ ಅಂತ ಹೇಳಲು ಕಾರಣ ನೀವೇ ಬರೆದಿರುವ ಒಂದು ಸಾಲು: ಬಿಸಿಲಲ್ಲಿ ಚೆನ್ನಾಗಿಯೇ ಬರುತ್ತದೆ. ಅಂದರೆ ಬಾಡಿ ಕೆಟ್ಟಿಲ್ಲ, ಇರುವ ಲೆನ್ಸೂ ಕೆಟ್ಟಿಲ್ಲ. ಸಾಲದೆ ಹೋಗಿರುವುದು ಬೆಳಕು.

ಹಾಳಾದ ಫೋಟೊ ಒಂದನ್ನು ಕಂಪ್ಯೂಟರಿನಲ್ಲಿ ತೆರೆದು ಅದರ ವಿವರ ನೋಡಿ. ಕ್ಯಾಮೆರಾ ಪ್ರತಿ ಫೋಟೊ ಜೊತೆಗೂ ಈ ಲೆಕ್ಕ ಬರೆದಿಟ್ಟಿರುತ್ತದೆ. ನೀವು ಹೇಳುವಂಥ ಫೋಟೊಗಳಲ್ಲಿ ಹೆಚ್ಚಾಗಿ ಕಾಣುವುದು ಹೀಗೆ: 55 ಎಂಎಂ, ಎಫ್ 5.6, ಶಟರ್ 1/60, ಐಎಸ್‌ಒ 6400. ಎಂಎಂ ಅಂದರೆ ಎಷ್ಟು ಜೂಮ್, ಎಫ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಶಟರ್ ಅಂದರೆ ಎಷ್ಟು ಹೊತ್ತು ಬೆಳಕು ಬಿತ್ತು, ಐಎಸ್‌ಒ ಅಂದರೆ ಇದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿತು (ಏರಿಸಿದಷ್ಟೂ ನಾಯ್ಸ್ ಜಾಸ್ತಿ). ಇದನ್ನು ಓದಿದರೆ ಕಾಯಿಲೆ ಏನು ಅಂತ ಗೊತ್ತಾಗಿಬಿಡುತ್ತದೆ. ಡಾನ್ಸ್ ಮಾಡುವಾಗ ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸಿತು ಅಂದುಕೊಳ್ಳಿ. 1/60 ಸೆಕೆಂಡಿನಲ್ಲಿ ಅದು 5 ಸೆಂಟಿಮೀಟರ್ ಸರಿದಿರುತ್ತದೆ. ಬೆರಳುಗಳ ಜಾಗದಲ್ಲಿ ಹೊಗೆ ಕಾಣದೆ ಇನ್ನೇನು ಕಂಡೀತು? ಅದೇ 1/250 ಇದ್ದಿದ್ದರೆ ಸರಿಯುತ್ತಿದ್ದುದು ಒಂದು ಸೆಂಟಿಮೀಟರ್ ಚಿಲ್ಲರೆ ಅಷ್ಟೇ.

ಹಾಗಾದರೆ ಕ್ಯಾಮೆರಾ 1/250 ಯಾಕೆ ಕೊಡಲಿಲ್ಲ? ನಿಮ್ಮ ಲೆನ್ಸಿನ ಮೂತಿಯ ಸುತ್ತ 3.5-5.6 ಅಂತ ಬರೆದಿರುತ್ತದೆ, ನೋಡಿ. 18ರಲ್ಲಿ ಎಫ್ 3.5ರವರೆಗೆ ತೆರೆಯುತ್ತದೆ, 55ಕ್ಕೆ ಜೂಮ್ ಮಾಡಿದರೆ 5.6ಕ್ಕೆ ನಿಂತುಬಿಡುತ್ತದೆ. 55 ಎಂಎಂ ಲೆನ್ಸಿಗೆ ಎಫ್ 5.6 ಅಂದರೆ ಸುಮಾರು 10 ಮಿಲಿಮೀಟರ್ ಅಗಲದ ಕಿಂಡಿ. ಅದೇ 50 ಎಂಎಂ ಎಫ್ 1.8 ಲೆನ್ಸಿನ ಕಿಂಡಿ ಸುಮಾರು 28 ಮಿಲಿಮೀಟರ್. 5.6 ಎಲ್ಲಿ, 1.8 ಎಲ್ಲಿ! ಸೆನ್ಸರ್ ಮೇಲೆ ಬೀಳುವ ಬೆಳಕಿನಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ. ಫೋಟೊಗ್ರಾಫರುಗಳ ಭಾಷೆಯಲ್ಲಿ ಮೂರು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ. ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು.

ಈ ಹತ್ತು ಪಟ್ಟನ್ನು ಹೇಗೆ ಖರ್ಚು ಮಾಡುವುದು ಅನ್ನುವುದು ನಿಮ್ಮ ಇಷ್ಟ. ನಾನಾದರೆ ಶಟರನ್ನು 1/60ರಿಂದ 1/250ಕ್ಕೆ ಏರಿಸುತ್ತೇನೆ, ಉಳಿದದ್ದರಲ್ಲಿ ಐಎಸ್‌ಒ 6400ರಿಂದ 2500ಕ್ಕೆ ಇಳಿಸುತ್ತೇನೆ. ಅಲುಗಾಟವೂ ಹೋಯಿತು, ಮರಳೂ ಕಡಿಮೆಯಾಯಿತು. ಬಾಡಿ ಅದೇ ಹಳೆಯದು.

ಈಗ ಮೊದಲನೇ ಸ್ನೇಹಿತನ ಸಲಹೆ. ಫುಲ್‌ಫ್ರೇಮ್ ಸೆನ್ಸರ್ ನಿಮ್ಮದಕ್ಕಿಂತ ಎರಡು ಪಟ್ಟಿಗಿಂತ ಸ್ವಲ್ಪ ದೊಡ್ಡದು. ಅದರಿಂದ ಸಿಗುವ ಲಾಭ ಒಂದು ಸ್ಟಾಪ್, ಜಾಸ್ತಿ ಅಂದರೆ ಒಂದೂಕಾಲು. ಅದೂ ಫುಲ್‌ಫ್ರೇಮಿಗೆ ಅಂತಲೇ ಮಾಡಿದ, ಇಷ್ಟೇ ತೆರೆಯುವ ಲೆನ್ಸ್ ಹಾಕಿದರೆ ಮಾತ್ರ. ನಿಮ್ಮ 18-55 ಚಿಕ್ಕ ಸೆನ್ಸರಿಗೆ ಮಾಡಿದ್ದು. ಅದರ ಚಿತ್ರ ಫುಲ್‌ಫ್ರೇಮಿನ ಮೂಲೆಗಳನ್ನು ಮುಟ್ಟುವುದೇ ಇಲ್ಲ. ಎಷ್ಟೋ ಬಾಡಿಗಳು ಇಂಥ ಲೆನ್ಸ್ ಹಾಕಿದ ಕೂಡಲೇ ಸೆನ್ಸರಿನ ನಡುಭಾಗವನ್ನಷ್ಟೇ ಬಳಸಿಕೊಳ್ಳುತ್ತವೆ. ಆಗ 45 ಮೆಗಾಪಿಕ್ಸೆಲ್ 20ಕ್ಕಿಂತ ಕೆಳಗೆ ಬರುತ್ತದೆ. ಫುಲ್‌ಫ್ರೇಮ್ ಕೊಂಡು, ಅದರೊಳಗೆ ನಿಮ್ಮ ಹಳೆ ಕ್ಯಾಮೆರಾವನ್ನೇ ಕೂರಿಸಿದ ಹಾಗೆ! ಇನ್ನು ಕೆಲವು ಬಾಡಿಗಳಿಗೆ ಅದು ಕೂರುವುದೇ ಇಲ್ಲ.

ಮೆಗಾಪಿಕ್ಸೆಲ್ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. 24 ಮೆಗಾಪಿಕ್ಸೆಲ್ ಅಂದರೆ 6000 × 4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿಸಿದರೆ 20 ಇಂಚು ಅಗಲ ಬರುತ್ತದೆ. ಅದಕ್ಕಿಂತ ದೊಡ್ಡದನ್ನು ಕೊನೆಯ ಸಲ ಯಾವಾಗ ಹಾಕಿಸಿದ್ದೀರಿ?

ಈ ವಿಷಯದಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಹೊಸ ಬಾಡಿ ತಗೊಂಡೆ. ಲೆನ್ಸಿಗೆ ಏನೂ ಉಳಿಯಲಿಲ್ಲ, ಹಳೆ ಕ್ಯಾಮೆರಾ ಜೊತೆ ಬಂದಿದ್ದ ಕಿಟ್ ಲೆನ್ಸನ್ನೇ ಸಿಕ್ಕಿಸಿದೆ. ಮೊದಲ ದಿನ ಸಂಜೆ ಕಿಟಕಿ ಪಕ್ಕ ಮಲಗಿದ್ದ ಬೆಕ್ಕಿನ ಫೋಟೊ ತೆಗೆದು, ಹಿಂದಿನ ವಾರ ಹಳೆ ಕ್ಯಾಮೆರಾದಲ್ಲಿ ಅದೇ ಜಾಗದಲ್ಲಿ ತೆಗೆದಿದ್ದ ಫೋಟೊ ಜೊತೆ ಇಟ್ಟು ಮನೆಯವರಿಗೆ ತೋರಿಸಿದೆ. "ಇದೇ ಹೊಸದು" ಅಂತ ಅವರು ಬೆರಳಿಟ್ಟಿದ್ದು ಹಳೆಯದರ ಮೇಲೆ. ಬದಲಾಗಿದ್ದು ಒಂದೇ, ಹಾರ್ಡ್‌ಡಿಸ್ಕ್ ಬೇಗ ತುಂಬತೊಡಗಿತು.

ಯಾವ ಲೆನ್ಸ್? ಅದಕ್ಕೂ ಉತ್ತರ ಆ ವಿವರಗಳಲ್ಲೇ ಇದೆ. ಕಳೆದ ಎರಡು ಮೂರು ಕಾರ್ಯಕ್ರಮಗಳ ಫೋಟೊಗಳನ್ನು ತೆರೆದು ಎಂಎಂ ಎಷ್ಟಿದೆ ಅಂತ ನೋಡುತ್ತಾ ಹೋಗಿ. 35ರಿಂದ 55ರ ನಡುವೆ ಓಡಾಡಿದ್ದರೆ 50 ಎಂಎಂ ಎಫ್ 1.8 ಸಾಕು. ಬಹುಪಾಲು ಕಂಪನಿಗಳಲ್ಲಿ ತೀರಾ ಕಡಿಮೆ ಬೆಲೆಯ ಲೆನ್ಸುಗಳಲ್ಲಿ ಅದೂ ಒಂದು. ಎಲ್ಲವೂ 55ರಲ್ಲೇ ನಿಂತು, ಆಮೇಲೂ ಕ್ರಾಪ್ ಮಾಡಬೇಕಾಗಿ ಬಂದಿದ್ದರೆ 85 ಎಫ್ 1.8 ನೋಡಿ. 70-200 ಎಫ್ 2.8 ಜೂಮ್ ಚೆನ್ನಾಗಿಯೇ ಇರುತ್ತದೆ, ಬೆಳಕೂ ನಿಮ್ಮ ಕಿಟ್ ಲೆನ್ಸಿನ ನಾಲ್ಕು ಪಟ್ಟು. ಆದರೆ ಡಿಎಸ್‌ಎಲ್‌ಆರ್‌ಗೆ ಬರುವ ಅದರ ತೂಕ ಒಂದೂವರೆ ಕೆಜಿ ಹತ್ತಿರ. ಎರಡು ಗಂಟೆ ಕೈಯಲ್ಲಿ ಎತ್ತಿ ಹಿಡಿದು ನೋಡಿ, ಆಮೇಲೆ ಮಾತಾಡೋಣ.

ಒಂದು ಎಚ್ಚರಿಕೆ. ನಿಮ್ಮದು ನಿಕಾನಿನ ಡಿ3500, ಡಿ5600 ಥರದ ಬಾಡಿಯಾಗಿದ್ದರೆ ಅದರೊಳಗೆ ಫೋಕಸ್ ಮೋಟರ್ ಇರುವುದಿಲ್ಲ. ಹಳೆಯ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕಾಗುತ್ತದೆ. ಮೋಟರ್ ಲೆನ್ಸಿನೊಳಗೇ ಇರುವ ಎಎಫ್-ಎಸ್ ಕೇಳಿ.

ಎಫ್ 1.8 ಲೆನ್ಸಿಗೂ ಒಂದು ಕಿರಿಕಿರಿ ಇದೆ. ಪೂರ್ತಿ ತೆರೆದಾಗ ಶಾರ್ಪ್ ಆಗಿ ಬರುವ ಆಳ ತೀರಾ ಕಡಿಮೆ. 50 ಎಂಎಂನಲ್ಲಿ 2 ಮೀಟರ್ ದೂರದಿಂದ ತೆಗೆದರೆ ಸುಮಾರು 12 ಸೆಂಟಿಮೀಟರ್. ಕಣ್ಣು ಶಾರ್ಪ್ ಇದ್ದು ಕಿವಿ ಮಸುಕಾಗುವುದು ಹೀಗೆಯೇ. ಸ್ಟೇಜಿಗೆ ಅಷ್ಟು ಹೆದರಬೇಕಿಲ್ಲ. 85 ಎಂಎಂನಲ್ಲಿ 8 ಮೀಟರ್ ದೂರದಿಂದ ತೆಗೆದರೆ ಅರ್ಧ ಮೀಟರಿಗಿಂತ ಜಾಸ್ತಿ ಆಳ ಸಿಗುತ್ತದೆ.

ಲೆನ್ಸ್ ಬರುವ ತನಕ ಸುಮ್ನೆ ಕೂರಬೇಡಿ. ದುಡ್ಡಿಲ್ಲದೆ ಸಿಗುವ ಬೆಳಕೂ ಒಂದಿಷ್ಟಿದೆ. ಸ್ಟೇಜಿನ ಹಿಂದೆ ಕಪ್ಪು ಪರದೆ, ಮುಂದೆ ಮಗುವಿನ ಮುಖಕ್ಕೆ ಲೈಟು. ಕ್ಯಾಮೆರಾ ಆ ಕಪ್ಪನ್ನೆಲ್ಲ ನೋಡಿ "ಅಯ್ಯೋ, ಕತ್ತಲೆ" ಅಂದುಕೊಂಡು ಶಟರನ್ನು ಬೇಕಿದ್ದಕ್ಕಿಂತ ಹೊತ್ತು ತೆರೆದಿಡುತ್ತದೆ. ಮುಖ ಬಿಳುಚಿಕೊಳ್ಳುತ್ತದೆ, ಕೈ ಅಲುಗುತ್ತದೆ. ಐಎಸ್‌ಒ ನೀವೇ ಗೊತ್ತು ಮಾಡಿ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾದ ಲೆಕ್ಕಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಡಿ. 1/60 ಇದ್ದದ್ದು 1/125 ಆಗುತ್ತದೆ, ಮುಖದ ಬಣ್ಣವೂ ವಾಪಸ್ ಬರುತ್ತದೆ. ಇನ್ನೊಂದು, ಎಂಥ ವೇಗದ ಡಾನ್ಸಿನಲ್ಲೂ ಒಂದು ಚಲನೆ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಮೈ ಒಂದು ಕ್ಷಣ ನಿಲ್ಲುತ್ತದೆ. ಮಗಳು ಮನೆಯಲ್ಲಿ ಪ್ರಾಕ್ಟೀಸ್ ಮಾಡುವುದನ್ನು ದಿನಾ ನೋಡುತ್ತೀರಿ, ಆ ಕ್ಷಣ ಯಾವುದು ಅಂತ ನಿಮ್ಮಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ?

ಪ್ರಶ್ನೆ: ನನಗೆ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು. 9 ಫೋಕಸ್ ಪಾಯಿಂಟಿನ ಹಳೆಯ ಡಿಎಸ್‌ಎಲ್‌ಆರ್, 70-300 ಲೆನ್ಸ್. ಕೊಂಬೆ ಮೇಲೆ ಕೂತ ಹಕ್ಕಿ ಗರಿ ಎಣಿಸುವ ಹಾಗೆ ಬರುತ್ತದೆ. ಹಾರಿತೋ, ಫೋಕಸ್ ಹೋಗಿ ಹಿಂದಿನ ಮರದ ಮೇಲೆ ಕೂರುತ್ತದೆ. ಲೆನ್ಸ್ ಬದಲಿಸುವುದೇ ಯಾವಾಗಲೂ ಜಾಣತನ ಅಂತ ಕೇಳಿದ್ದೇನೆ. ದೊಡ್ಡ ಲೆನ್ಸ್ ತಗೊಳ್ಳಲಾ?

ಉತ್ತರ: ಬೇಡ. ನಿಮಗೆ ಬೇಕಿರುವುದು ಬಾಡಿ.

ಕೂತ ಹಕ್ಕಿಯ ಗರಿ ಎಣಿಸಬಹುದು ಅಂದಮೇಲೆ ಗಾಜಿನಲ್ಲಿ ದೋಷ ಇಲ್ಲ. ಹಾರುವ ಹಕ್ಕಿಯನ್ನು ಹುಡುಕುವುದು, ಅದರ ಬೆನ್ನು ಬಿಡದೆ ಹೋಗುವುದು, ಮುಂದಿನ ಕ್ಷಣ ಎಲ್ಲಿರುತ್ತದೆ ಅಂತ ಅಂದಾಜು ಮಾಡುವುದು, ಇದೆಲ್ಲ ಬಾಡಿಯ ತಲೆ ಮಾಡುವ ಕೆಲಸ. ನಿಮ್ಮ 9 ಪಾಯಿಂಟುಗಳು ಚೌಕಟ್ಟಿನ ಮಧ್ಯದ ಸುತ್ತಮುತ್ತಲೇ ಇವೆ. ಹಕ್ಕಿ ಅಲ್ಲಿಂದ ಒಂಚೂರು ಜಾರಿದರೂ ಸಿಗುವುದು ಮರವೇ. ಡಿಎಸ್‌ಎಲ್‌ಆರ್‌ನಲ್ಲಿರುವ ಕನ್ನಡಿ ಇಲ್ಲದ, ಈಗಿನ ಮಿರರ್‌ಲೆಸ್ ಬಾಡಿಗಳಲ್ಲಿ ಫೋಕಸ್ ಲೆಕ್ಕ ಸೆನ್ಸರ್ ಮೇಲೆಯೇ ನಡೆಯುತ್ತದೆ, ಚೌಕಟ್ಟಿನ ಅಂಚಿನವರೆಗೂ. ಎಷ್ಟೋ ಬಾಡಿಗಳು ಹಕ್ಕಿಯನ್ನು ಗುರುತಿಸಿ ಅದರ ಕಣ್ಣಿಗೇ ಚೌಕ ಕಟ್ಟುತ್ತವೆ. ಮೊದಲ ಸಲ ನೋಡಿದಾಗ ಇದು ಮೋಸ ಅಂತಲೇ ನನಗೆ ಅನ್ನಿಸಿತ್ತು. ಎರಡನೇ ದಿನ ಅಭ್ಯಾಸವಾಯಿತು.

ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ. ಫೋಕಸ್ ಮೋಡ್ ಕಂಟಿನ್ಯುಯಸ್‌ನಲ್ಲಿ, ಅಂದರೆ ನಿಲ್ಲದೆ ಹಕ್ಕಿಯ ಬೆನ್ನು ಹತ್ತುವ ಹಾಗೆ ಇದೆಯಾ? ಕ್ಯಾನನ್‌ನ ಡಿಎಸ್‌ಎಲ್‌ಆರ್‌ಗಳಲ್ಲಿ ಅದಕ್ಕೆ ಎಐ ಸರ್ವೋ ಅನ್ನುತ್ತಾರೆ, ನಿಕಾನ್, ಸೋನಿಯಲ್ಲಿ ಎಎಫ್-ಸಿ. ಅದು ಸಿಂಗಲ್‌ನಲ್ಲಿ ಇದ್ದರೆ ಎಂಥ ಬಾಡಿಯೂ ಹಾರುವ ಹಕ್ಕಿಯನ್ನು ಹಿಡಿಯದು. ಮಧ್ಯದ ಒಂದೇ ಪಾಯಿಂಟ್ ಇಟ್ಟುಕೊಂಡು, ಶಟರ್ 1/2000ಕ್ಕೆ ಏರಿಸಿ ಒಂದು ಬೆಳಗ್ಗೆ ಪೂರ್ತಿ ಪ್ರಯತ್ನಿಸಿ. ಎರಡನೆಯದು, ನಿಮ್ಮ ಲೆನ್ಸನ್ನು ಹೊಸ ಬಾಡಿಗೆ ಹಾಕಿ ನೋಡದೆ ದುಡ್ಡು ಕೊಡಬೇಡಿ. ಕೆಲವು ಹಳೆ 70-300ಗಳ ಮೋಟರ್ ನಿಧಾನ. ಬಾಡಿ ಕಣ್ಣು ಹುಡುಕಿ ಕೊಟ್ಟರೂ ಲೆನ್ಸ್ ಅಷ್ಟು ಬೇಗ ಓಡಲಾರದು. ಒಂದು ದಿನದ ಮಟ್ಟಿಗೆ ಬಾಡಿಗೆಗೆ ಸಿಕ್ಕರೆ ತನ್ನಿ, ಇಲ್ಲವೇ ಇರುವವರ ಹತ್ತಿರ ಕೇಳಿ ಒಂದರ್ಧ ಗಂಟೆ ಹಾಕಿ ನೋಡಿ.

ಮಿರರ್‌ಲೆಸ್‌ಗೆ ಹೋದರೆ ಹಳೆ ಲೆನ್ಸ್ ಗತಿ ಏನು ಅನ್ನುವ ಭಯ ಬೇಡ. ಲೆನ್ಸ್ ಬಂದು ಕೂರುವ ಬಾಡಿಯ ಬಾಯಿಗೆ ಮೌಂಟ್ ಅನ್ನುತ್ತಾರೆ. ನಿಕಾನಿನ ಎಫ್ ಮೌಂಟ್ 1959ರದ್ದು, ಕ್ಯಾನನ್‌ನ ಇಎಫ್ 1987ರದ್ದು. 2018ರಲ್ಲಿ ಇಬ್ಬರೂ ಹೊಸ ಮೌಂಟ್ ತಂದರು, ಝಡ್ ಮತ್ತು ಆರ್‌ಎಫ್. ಒಳಗೆ ಕನ್ನಡಿ ಇಲ್ಲದ್ದರಿಂದ ಲೆನ್ಸನ್ನು ಸೆನ್ಸರಿಗೆ ಹತ್ತಿರ ತರಲು ಆಯಿತು. ಎಫ್ ಮೌಂಟಿನಲ್ಲಿ ಆ ದೂರ 46.5 ಮಿಲಿಮೀಟರ್, ಝಡ್‌ನಲ್ಲಿ 16. ಉಳಿದ ಮೂವತ್ತು ಮಿಲಿಮೀಟರ್ ಜಾಗದಲ್ಲಿ ಅಡಾಪ್ಟರ್ ಆರಾಮಾಗಿ ಕೂರುತ್ತದೆ. ಇಎಫ್ ಲೆನ್ಸುಗಳು ಆರ್‌ಎಫ್ ಬಾಡಿಯಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನಿನ ಅಡಾಪ್ಟರಿನಲ್ಲಿ ಮಾತ್ರ ಲೆನ್ಸಿಗೆ ತನ್ನದೇ ಮೋಟರ್ ಇರಬೇಕು. ಇದೆಲ್ಲ ಒಂದೇ ದಿಕ್ಕಿನ ದಾರಿ. ಹೊಸ ಮಿರರ್‌ಲೆಸ್ ಲೆನ್ಸನ್ನು ಹಳೆ ಡಿಎಸ್‌ಎಲ್‌ಆರ್‌ಗೆ ಹಾಕಲು ಬರುವುದಿಲ್ಲ.

ಪ್ರಶ್ನೆ: ಲೆನ್ಸ್ ಸೆಕೆಂಡ್ ಹ್ಯಾಂಡ್ ತಗೊಂಡರೆ ಮೋಸ ಹೋಗುತ್ತೇವಾ?

ಉತ್ತರ: ಸೆಕೆಂಡ್ ಹ್ಯಾಂಡ್ ಬಾಡಿಗಿಂತ ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ನನಗೆ ಧೈರ್ಯ ಜಾಸ್ತಿ. ಚೆನ್ನಾಗಿ ನೋಡಿಕೊಂಡ ಲೆನ್ಸ್ ಹದಿನೈದು ಇಪ್ಪತ್ತು ವರ್ಷ ಆದರೂ ಕೆಲಸ ಮಾಡುತ್ತಿರುತ್ತದೆ. ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಟಾರ್ಚ್ ಇರಲಿ, ಕ್ಯಾಮೆರಾನೂ ಒಯ್ಯಿರಿ.

ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ನಾಲ್ಕು ಧೂಳಿನ ಕಣ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೊದಲ್ಲಿ ಕಾಣುವುದಿಲ್ಲ. ಜೇಡರ ಬಲೆಯ ಹಾಗೆ ಸಣ್ಣ ಎಳೆಗಳು ಕವಲೊಡೆದು ಹರಡಿದ್ದರೆ ಅದು ಫಂಗಸ್. ತೇವದಲ್ಲಿ ಇಟ್ಟ ಲೆನ್ಸಿಗೆ ಹಿಡಿಯುವ ಬೂಸ್ಟು. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಅಪರ್ಚರ್ (ಬೆಳಕಿನ ಕಿಂಡಿ) ರೆಕ್ಕೆಗಳ ಮೇಲೆ ಎಣ್ಣೆಯ ಹೊಳಪು ಇದೆಯಾ ನೋಡಿ, ಇದ್ದರೆ ರೆಕ್ಕೆಗಳು ಅಂಟಿಕೊಂಡು ನಿಧಾನವಾಗುತ್ತವೆ. ಆಮೇಲೆ ಕ್ಯಾಮೆರಾಗೆ ಹಾಕಿ ಒಂದು ಇಟ್ಟಿಗೆ ಗೋಡೆಯನ್ನೋ, ಪುಸ್ತಕ ಜೋಡಿಸಿದ ಕಪಾಟನ್ನೋ ನೇರ ಎದುರು ನಿಂತು ತೆಗೆಯಿರಿ, ಪೂರ್ತಿ ತೆರೆದು ಒಂದು, ಎಫ್ 8ರಲ್ಲಿ ಒಂದು. ನಾಲ್ಕು ಮೂಲೆಗಳನ್ನೂ ದೊಡ್ಡದು ಮಾಡಿ ನೋಡಿ. ಪೂರ್ತಿ ತೆರೆದಾಗ ನಾಲ್ಕೂ ಮೂಲೆ ಒಂದೇ ಥರ ಸ್ವಲ್ಪ ಮೆತ್ತಗಿದ್ದರೆ ಅದು ಆ ಲೆನ್ಸಿನ ಗುಣ. ಮೂರು ಶಾರ್ಪ್ ಇದ್ದು ಒಂದು ಮಾತ್ರ ಮಸುಕಾಗಿದ್ದರೆ, ಮತ್ತೊಮ್ಮೆ ನೇರವಾಗಿ ನಿಂತು ತೆಗೆದರೂ ಅದೇ ಮೂಲೆ ಮಸುಕಾಗಿ ಬಂದರೆ, ಆ ಲೆನ್ಸ್ ಎಲ್ಲೋ ಒಮ್ಮೆ ಬಿದ್ದಿರಬೇಕು. ಮುಚ್ಚಳ ಹಾಕಿ ವಾಪಸ್ ಕೊಟ್ಟುಬಿಡಿ.