ಹಳೇ ಕ್ಯಾಮೆರಾ, ಕಿಟ್ ಲೆನ್ಸ್ ಇಟ್ಟುಕೊಂಡು ಫೋಟೊಗ್ರಫಿ ಕ್ಲಬ್ ಸೇರಬಹುದಾ?

ನಿಮ್ಮ ಹತ್ತಿರ ಇರುವುದು ಅಣ್ಣ ಕೊಟ್ಟ ಹಳೇ ಡಿಎಸ್‌ಎಲ್‌ಆರ್, ಅದರ ಜೊತೆಗೆ ಬಂದ 18-55 ಲೆನ್ಸ್. ಇಷ್ಟನ್ನೇ ಹಿಡಿದುಕೊಂಡು ಬೆಂಗಳೂರಿನಲ್ಲಿ ಕ್ಲಬ್ ಸೇರಿದರೆ ನಗುತ್ತಾರಾ, ಯೂಟ್ಯೂಬ್ ಇರುವಾಗ ದುಡ್ಡು ಕೊಟ್ಟು ಸೇರುವುದು ಯಾಕೆ ಅಂತ ಕೇಳಿದ್ದೀರಿ.

ಸೇರಿ. ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಥರದ ಕ್ಯಾಮೆರಾ ಸೆಟ್ಟಿಂಗ್ ಎಲ್ಲ ಯೂಟ್ಯೂಬಿನಲ್ಲೇ ಕಲಿಯಬಹುದು, ಅದಕ್ಕೆ ಕ್ಲಬ್ ಬೇಕಿಲ್ಲ. ಆದರೆ ನೀವು ತೆಗೆದ ಫೋಟೊದಲ್ಲಿ ಏನು ಸರಿಯಿಲ್ಲ ಅಂತ ಯೂಟ್ಯೂಬ್ ಹೇಳುವುದಿಲ್ಲ. ಮನೆಯವರೂ ಹೇಳುವುದಿಲ್ಲ. ವಾಟ್ಸಾಪ್ ಸ್ಟೇಟಸ್ ನೋಡಿದವರು ಎರಡು ಹೂವು, ಒಂದು ಚಪ್ಪಾಳೆ ಹಾಕಿ ಮುಗಿಸುತ್ತಾರೆ, ಅಲ್ವಾ?

ನಮ್ಮ ಕ್ಲಬ್ಬಿನಲ್ಲಿ ಒಮ್ಮೆ ಕೆ.ಆರ್. ಮಾರ್ಕೆಟ್‌ನಲ್ಲಿ ಒಬ್ಬ ಹುಡುಗ ತೆಗೆದ ಫೋಟೊ ಪರದೆ ಮೇಲೆ ಬಂತು. ಕನಕಾಂಬರ ಕಟ್ಟುತ್ತಿರುವ ಅಜ್ಜಿ, ಮುಖದ ಮೇಲೆ ಬೆಳಗಿನ ಬೆಳಕು. ಎಲ್ಲರೂ ಚೆನ್ನಾಗಿದೆ ಅಂದರು. ಹಿರಿಯ ಸದಸ್ಯರೊಬ್ಬರು ಎದ್ದು ಹೋಗಿ ಪರದೆಯ ಎಡಗಡೆ ಅಂಚಿಗೆ ನೋಟ್‌ಬುಕ್ ಅಡ್ಡ ಹಿಡಿದರು. 'ಈಗ ನೋಡಿ' ಅಂದರು. ಅಲ್ಲೊಂದು ನೀಲಿ ಪ್ಲಾಸ್ಟಿಕ್ ಬಕೆಟ್ ಇತ್ತು. ಅದು ಮರೆಯಾದ ಕೂಡಲೇ ಕಣ್ಣು ನೇರವಾಗಿ ಅಜ್ಜಿಯ ಬೆರಳುಗಳಿಗೆ ಹೋಯಿತು. ಕಂಪ್ಯೂಟರಿನಲ್ಲಿ ಬಕೆಟ್ ಅಳಿಸಿ ಅಂತ ಅವರು ಹೇಳಲಿಲ್ಲ. 'ಎರಡು ಹೆಜ್ಜೆ ಬಲಕ್ಕೆ ಸರಿದಿದ್ದರೆ ಅದು ಮುಂದಿನ ಬುಟ್ಟಿಯ ಹಿಂದೆ ಹೋಗುತ್ತಿತ್ತು' ಅಂದರು. ಆಮೇಲೆ ಆ ಹುಡುಗ ಯಾವ ಲೆನ್ಸ್ ಹಾಕಿದ್ದ ಅಂತ ಒಬ್ಬರೂ ಕೇಳಲಿಲ್ಲ. ನಾನು ಕ್ಲಬ್ಬಿಗೆ ಹೋಗುವುದೇ ಇಂಥ ಮಾತಿಗೆ.

ಔಟಿಂಗ್ ಆಸೆಗೆ ಸೇರುವವರೇ ಜಾಸ್ತಿ. ನನಗೆ ಅದು ಅಷ್ಟಕ್ಕಷ್ಟೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಗುಂಪಾಗಿ ಹೋದರೆ ಏನಾಗುತ್ತದೆ ಗೊತ್ತಾ? ಕಡಲೆಕಾಯಿ ರಾಶಿಯ ಮುಂದೆ ಒಬ್ಬ ಅಜ್ಜ ಕೂತಿದ್ದರೆ ಹತ್ತು ಕ್ಯಾಮೆರಾ ಅವರ ಮುಖಕ್ಕೆ. ಅವರಿಗೆ ವ್ಯಾಪಾರ ಕೆಟ್ಟಿತು, ನಮಗೆ ಹತ್ತು ಜನರ ಹತ್ತಿರವೂ ಒಂದೇ ಫೋಟೊ. ಗುಂಪಿನ ಜೊತೆ ಹೋಗಿ, ಜಾಗ ಪರಿಚಯ ಮಾಡಿಕೊಳ್ಳಿ, ಮತ್ತೆ ಒಬ್ಬರೇ ಹೋಗಿ. ಅರ್ಧ ಸೇರು ಕಡಲೆಕಾಯಿ ಕೊಂಡು ಮಾತಾಡಿಸಿದರೆ ಅಜ್ಜನೂ ಸಡಿಲವಾಗುತ್ತಾರೆ.

ಬೆಂಗಳೂರಿನಲ್ಲಿ ಹಳೆಯದು ಅಂದರೆ ಯೂತ್ ಫೋಟೊಗ್ರಾಫಿಕ್ ಸೊಸೈಟಿ, ಎಲ್ಲರ ಬಾಯಲ್ಲಿ ವೈಪಿಎಸ್. 1971ರಿಂದ ಇದೆ. ಇದಲ್ಲದೆ ಅಪಾರ್ಟ್‌ಮೆಂಟು, ಐಟಿ ಕಂಪನಿಗಳ ಒಳಗೇ ಸಣ್ಣ ಸಣ್ಣ ಗುಂಪುಗಳಿವೆ. ಯಾವುದಾದರೂ ಸರಿ, ಫೀಸ್ ಕಟ್ಟುವ ಮುಂಚೆ ಒಂದು ಮೀಟಿಂಗ್‌ನಲ್ಲಿ ಸುಮ್ನೆ ಹಿಂದೆ ಕೂತು ಕೇಳಿ. ಫೋಟೊ ಬಗ್ಗೆ ಮಾತು ಎಷ್ಟು, ಲೆನ್ಸ್ ರೇಟಿನ ಬಗ್ಗೆ ಎಷ್ಟು ಅಂತ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹೊಸಬರ ಫೋಟೊ ಬಂದಾಗ ಸದ್ದಿಲ್ಲದೆ ಮುಂದಕ್ಕೆ ತಳ್ಳಿದರೆ ಅಲ್ಲಿ ನಿಮಗೆ ಕೆಲಸವಿಲ್ಲ. ಹಕ್ಕಿ ಫೋಟೊಕ್ಕೆ ಗೂಡಿನ ಹತ್ತಿರ ಹೋಗುವುದು, ಅಡ್ಡ ಬಂದ ಕೊಂಬೆ ಕತ್ತರಿಸುವುದು, ಕಪ್ಪೆ ಹಿಡಿದು ತಂದು ಎಲೆ ಮೇಲೆ ಕೂರಿಸುವುದು, ಇವನ್ನೆಲ್ಲ ಜಂಬದಿಂದ ಹೇಳಿಕೊಳ್ಳುವವರಿದ್ದರಂತೂ ಎದ್ದು ಬನ್ನಿ.

ಸ್ವಲ್ಪ ದಿನಕ್ಕೆ 'ಸಲೋನ್', 'ಎಎಫ್‌ಐಎಪಿ' ಅನ್ನುವ ಮಾತು ಕಿವಿಗೆ ಬೀಳುತ್ತದೆ. ಸಲೋನ್ ಅಂದರೆ ಫೋಟೊ ಸ್ಪರ್ಧೆ. ಫಿಯಾಪ್ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟ ಮಾನ್ಯ ಮಾಡಿದ ಸಲೋನ್‌ಗಳಲ್ಲಿ ನಿಮ್ಮ ಫೋಟೊಗಳು ಸಾಕಷ್ಟು ಆಯ್ಕೆಯಾದರೆ, ಅರ್ಜಿ ಹಾಕಿ ಹೆಸರಿನ ನಂತರ 'ಎಎಫ್‌ಐಎಪಿ' ಅಂತ ಹಾಕಿಕೊಳ್ಳಬಹುದು. ಅದರ ಹಿಂದೆ ಓಡಿದರೆ ಎಂಟ್ರಿ ಫೀಸಿಗೇ ಸಂಬಳ ಕರಗುತ್ತದೆ, ಜೊತೆಗೆ ಜಡ್ಜ್‌ಗಳಿಗೆ ಇಷ್ಟವಾಗುವ ಥರದ್ದೇ ಫೋಟೊ ತೆಗೆಯುವ ಚಟ ಹತ್ತುತ್ತದೆ. ಒಂದು ಲಾಭವಂತೂ ಇದೆ. ನೇಚರ್ (ಪ್ರಕೃತಿ) ವಿಭಾಗದಲ್ಲಿ ಫೋಟೊದ ಅಂಚು ಕ್ರಾಪ್ ಮಾಡಬಹುದು, ಆದರೆ ಚಿತ್ರದಲ್ಲಿ ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಆ ನಿಯಮಕ್ಕೆ ಒಗ್ಗಿದವರು ಕ್ಲಿಕ್ ಮಾಡುವ ಮುಂಚೆಯೇ ನಾಲ್ಕೂ ಮೂಲೆ ನೋಡಲು ಶುರುಮಾಡುತ್ತಾರೆ.

ಲೆನ್ಸ್ ವಿಷಯಕ್ಕೆ ಬಂದರೆ, 18-55ನಲ್ಲಿ ದೂರದ ಹಕ್ಕಿ ಆಗುವುದಿಲ್ಲ, ಅಷ್ಟೇ. ಬೀದಿ, ಜಾತ್ರೆ, ಮನುಷ್ಯರ ಮುಖ, ಅಡುಗೆಮನೆ ಕಿಟಕಿಯ ಬೆಳಕು ಎಲ್ಲಕ್ಕೂ ಸಾಕು. ಕ್ಲಬ್ಬಿನಲ್ಲಿ ಪರಿಚಯವಾದ ಮೇಲೆ ಯಾರಾದರೂ ತಮ್ಮ 50 ಎಂಎಂ ಲೆನ್ಸ್ ಒಂದು ದಿನದ ಮಟ್ಟಿಗೆ ಕೊಡುತ್ತಾರೆ. ಅಲ್ಲಿವರೆಗೆ ಏನೂ ಕೊಳ್ಳಬೇಡಿ.

ಮೊದಲು ಒಂದು ವರ್ಷಕ್ಕೆ ಮಾತ್ರ ಫೀಸ್ ಕಟ್ಟಿ, ಲೈಫ್ ಮೆಂಬರ್‌ಶಿಪ್ ಆಮೇಲೆ ನೋಡೋಣ. ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಮೂರೇ ಫೋಟೊ ಹಾಕಿಕೊಂಡು ಹೋಗಿ. ಒಂದು ನಿಮಗೆ ತುಂಬ ಇಷ್ಟವಾದದ್ದು. ಇನ್ನೆರಡು, ಏನೋ ಸರಿಯಿಲ್ಲ ಅನಿಸಿದರೂ ಏನು ಅಂತ ಗೊತ್ತಾಗದೆ ಹಾಗೇ ಬಿಟ್ಟವು.