ಲೇಸರ್‌ಗೆ ಚಳಿಗಾಲವೇ ಒಳ್ಳೆಯದಾ?

ಓದುಗರ ಪ್ರಶ್ನೆಗೆ ಚರ್ಮರೋಗ ತಜ್ಞರ ಉತ್ತರ

ಪ್ರಶ್ನೆ: ನನಗೆ 38 ವರ್ಷ, ಕಾಸರಗೋಡಿನ ಬದಿಯಡ್ಕದ ಹತ್ತಿರ ಮನೆ. ಎರಡನೇ ಹೆರಿಗೆ ಆದ ಮೇಲೆ ಎರಡೂ ಕೆನ್ನೆಗೆ ಬಂಗು ಬಂದಿದೆ. ಫೆಬ್ರವರಿಯಲ್ಲಿ ತಮ್ಮನ ಮದುವೆ. ಮಂಗಳೂರಿನ ಒಂದು ಕ್ಲಿನಿಕ್‌ನವರು ಚಳಿಗಾಲದ ಆಫರ್ ಅಂತ ಆರು ಸಿಟ್ಟಿಂಗ್ ಲೇಸರ್‌ಗೆ ಕಡಿಮೆ ದರ ಹೇಳಿದ್ದಾರೆ. ಚಳಿಗಾಲದಲ್ಲಿ ಮಾಡಿಸಿದರೆ ತೊಂದರೆ ಇಲ್ಲವಂತೆ. ಹೌದಾ? ಯಾವ ಲೇಸರ್ ಆಗಬಹುದು?

ಉತ್ತರ: ಮೊದಲು ಈ ಚಳಿಗಾಲದ ವಿಷಯ ಮುಗಿಸೋಣ. ಲೇಸರ್ ಬಿದ್ದ ಚರ್ಮಕ್ಕೆ ಕೆಲವು ವಾರ ಬಿಸಿಲು ಆಗುವುದಿಲ್ಲ, ಕಪ್ಪು ಕಲೆ ಬೀಳುತ್ತದೆ. ಬಿಸಿಲು ಕಡಿಮೆ ಇರುವ ಕಾಲದಲ್ಲಿ ಮಾಡಿಸಿ ಅನ್ನುವುದು ಅದಕ್ಕೇ. ಲಂಡನ್‌ನಲ್ಲಿ ಡಿಸೆಂಬರ್ 21ರ ಮಧ್ಯಾಹ್ನವೂ ಸೂರ್ಯ ಬರೀ 15 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಅಲ್ಲಿಯವರಿಗೆ ಆ ಮಾತು ಸರಿ. ಕಾಸರಗೋಡಿನಲ್ಲಿ ಅದೇ ದಿನ, ಅದೇ ಹೊತ್ತಿಗೆ ಸುಮಾರು 54 ಡಿಗ್ರಿ.

ನಂಬಿಕೆ ಬಾರದಿದ್ದರೆ ಮಧ್ಯಾಹ್ನ ಹನ್ನೆರಡೂವರೆಗೆ ಅಂಗಳದಲ್ಲಿ ನಿಂತು ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಯುವಿ ಕಿರಣ ಜೋರಾಗಿದೆ ಅಂತ ಲೆಕ್ಕ. ಐದಡಿ ಎತ್ತರದವರ ನೆರಳು ನಮ್ಮಲ್ಲಿ ವರ್ಷದ ಅತಿ ಗಿಡ್ಡ ಹಗಲಿನಲ್ಲೂ ಆ ಹೊತ್ತಿಗೆ ನಾಲ್ಕಡಿ ಮುಟ್ಟುವುದಿಲ್ಲ. ಮೋಡವೂ ಇಲ್ಲ, ಕೈಯಲ್ಲಿ ಕೊಡೆಯೂ ಇಲ್ಲ. ಬೆಳಿಗ್ಗೆ ಮೂಡುಗಾಳಿಗೆ ತುಟಿ ಒಡೆಯುತ್ತದೆ, ಅಷ್ಟೇ ನಮ್ಮ ಚಳಿ. ಅದರ ಮೇಲೆ ಅಡಿಕೆ ಕೊಯ್ಲಿನ ಸಮಯ. ಅಂಗಳಕ್ಕೆ ಹರಡುವುದು, ಮಗುಚುವುದು, ಒಂದೂವರೆ ತಿಂಗಳು ಇದೇ ಕೆಲಸ. ಜಾತ್ರೆ, ಕಳಿಯಾಟ, ಕೋಲಗಳೂ ಶುರುವಾಗಿರುತ್ತವೆ. ನಮ್ಮ ಕಡೆಯವರ ಮುಖಕ್ಕೆ ಮಳೆಗಾಲಕ್ಕಿಂತ ಡಿಸೆಂಬರ್-ಜನವರಿಯಲ್ಲೇ ಬಿಸಿಲು ಜಾಸ್ತಿ. ಬೆವರು ಸ್ವಲ್ಪ ಕಡಿಮೆ ಅನ್ನುವ ಒಂದು ಲಾಭ ಇದೆ, ಇಲ್ಲ ಅನ್ನಲಾರೆ.

ಈಗ ಬಂಗಿನ ವಿಷಯ. ಇದಕ್ಕೆ ಲೇಸರ್ ಮೊದಲ ಮದ್ದಲ್ಲ. ಬಂಗು ಇರುವ ಜಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಸಣ್ಣ ಕಾರಣಕ್ಕೂ ಕೆರಳುತ್ತವೆ. ಬಿಸಿಲು, ಹಾರ್ಮೋನ್, ಲೇಸರ್‌ನ ಶಾಖ, ಯಾವುದಾದರೂ ಸಾಕು. ಕ್ಲಿನಿಕ್‌ಗಳಲ್ಲಿ ಲೇಸರ್ ಟೋನಿಂಗ್ ಅಂತ ಮಾಡುವುದು ಸಾಮಾನ್ಯವಾಗಿ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಮೆಷಿನ್‌ನಲ್ಲಿ, 1064 ನ್ಯಾನೋಮೀಟರ್ ಬೆಳಕಿನಲ್ಲಿ. ಕೆಲವು ಸಿಟ್ಟಿಂಗ್ ಆದಾಗ ಮುಖ ತಿಳಿಯಾಗುತ್ತದೆ, ಎಲ್ಲರಿಗೂ ಖುಷಿ. ನಿಲ್ಲಿಸಿದ ಕೆಲವು ತಿಂಗಳಲ್ಲಿ ಬಂಗು ತಿರುಗಿ ಬರುವುದು ತೀರಾ ಸಾಮಾನ್ಯ. ಕೆಲವರಿಗೆ ಮೊದಲಿಗಿಂತ ಕಪ್ಪಾಗಿ ಬರುತ್ತದೆ. ಮೇಲಿಂದ ಮೇಲೆ ಮಾಡಿಸಿದವರಿಗೆ ಸಣ್ಣ ಸಣ್ಣ ಬಿಳಿ ಚುಕ್ಕೆ ಬೀಳುವುದೂ ಇದೆ. ಆ ಚುಕ್ಕೆ ಹೋಗಿಸುವುದು ಬಂಗಿಗಿಂತ ಕಷ್ಟ.

ಹಾಗಾಗಿ ಆ ಆಫರ್ ಬಿಟ್ಟುಬಿಡಿ. ಮದುವೆಗೆ ಎರಡು-ಮೂರು ತಿಂಗಳು ಇರುವಾಗ ಮುಖದ ಮೇಲೆ ಹೊಸ ಪ್ರಯೋಗ ಯಾಕೆ?

ಅದರ ಬದಲು ಮನೆಯಲ್ಲಿ ಈಗ ಹಚ್ಚುತ್ತಿರುವ ಕ್ರೀಮ್ ತನ್ನಿ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಈ ಮೂರರಲ್ಲಿ ಒಂದು ಕಂಡರೂ ಅದು ಸ್ಟೀರಾಯ್ಡ್. ಮದ್ದಿನ ಅಂಗಡಿಯಲ್ಲಿ ಬಂಗಿಗೆ ಅಂತ ಸುಮ್ನೆ ಕೊಡುವ ಕ್ರೀಮ್‌ಗಳಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟೀರಾಯ್ಡೂ ಇರುವುದು ಬಹಳ. ವೈದ್ಯರು ನೋಡಿ ಕೆಲವು ವಾರಕ್ಕೆ ಬರೆದರೆ ಅದು ಒಳ್ಳೆಯ ಮದ್ದೇ. ಪೌಡರ್ ಹಚ್ಚಿದ ಹಾಗೆ ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತದೆ. ಅಂಥ ಚರ್ಮಕ್ಕೆ ಲೇಸರ್ ಹಾಕಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ತುಂಬ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ ನಿಲ್ಲಿಸಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಬಂಗಿಗೆ ಅದೂ ಒಂದು ಕಾರಣ.

ಸನ್‌ಸ್ಕ್ರೀನ್ ಕೊಳ್ಳುವಾಗ ಮೈಬಣ್ಣದ್ದು, ಐರನ್ ಆಕ್ಸೈಡ್ ಇರುವಂಥದ್ದು ನೋಡಿ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಬಿಳಿ ಸನ್‌ಸ್ಕ್ರೀನ್‌ಗಳು ಯುವಿ ತಡೆಯುತ್ತವೆ, ಆದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪು ಮಾಡುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕುತ್ತಿಗೆಗೂ ಆಯಿತು. ಅಂಗಳದ ಕೆಲಸ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ತಲೆಗೆ ಮುಟ್ಟಾಳೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಇಷ್ಟನ್ನು ಮತ್ತು ವೈದ್ಯರು ಕೊಟ್ಟ ಕ್ರೀಮನ್ನು 8ರಿಂದ 12 ವಾರ ಬಿಡದೆ ಮಾಡಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ. ಬಂಗಿಗೆ ಕೆಲವರಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ಪಕ್ಕದ ಮನೆಯವರು ಹೇಳಿದರು ಅಂತ ನುಂಗಬೇಡಿ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಆಗುವುದಿಲ್ಲ.

ಪ್ರಶ್ನೆ: ಮಗಳಿಗೆ 21 ವರ್ಷ, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ. ಗದ್ದದಲ್ಲಿ ದಪ್ಪ ಕೂದಲು. ವಾರಕ್ಕೊಮ್ಮೆ ಥ್ರೆಡ್ಡಿಂಗ್ ಮಾಡಿಸಿ ಸಾಕಾಗಿದೆ. ಡಿಸೆಂಬರ್‌ನಲ್ಲಿ ಲೇಸರ್ ಶುರುಮಾಡಿದರೆ ಚಳಿಗಾಲದಲ್ಲೇ ಮುಗಿಸಬಹುದಲ್ವಾ? (ಮಂಜೇಶ್ವರದಿಂದ ಒಬ್ಬರು ಅಮ್ಮ)

ಉತ್ತರ: ಮುಗಿಯುವುದಿಲ್ಲ ಅಮ್ಮ. ಕನಿಷ್ಠ ಆರು ಸಿಟ್ಟಿಂಗ್ ಬೇಕು, ಒಂದರಿಂದ ಇನ್ನೊಂದಕ್ಕೆ 4ರಿಂದ 6 ವಾರ ಅಂತರ. ಡಿಸೆಂಬರ್‌ನಲ್ಲಿ ಶುರುವಾದದ್ದು ಮಾರ್ಚ್-ಏಪ್ರಿಲ್‌ನ ಸುಡುಬಿಸಿಲು ದಾಟಿಯೇ ಮುಗಿಯುತ್ತದೆ. ತಿಂಗಳು ನೋಡುವ ಬದಲು ಮಗಳು ದಿನಾ ಎಷ್ಟು ಹೊತ್ತು ಬಿಸಿಲಲ್ಲಿ ಇರುತ್ತಾಳೆ ಅನ್ನುವುದನ್ನು ನೋಡಿ. ನನ್ನನ್ನು ಕೇಳಿದರೆ ನಮ್ಮೂರಿಗೆ ಜೂನ್ ಒಳ್ಳೆಯದು. ಮೋಡದ ನಡುವೆಯೂ ಯುವಿ ಬರುತ್ತದೆ ನಿಜ, ಆದರೆ ಆಗ ಎಲ್ಲರ ಕೈಯಲ್ಲೂ ಕೊಡೆ ಇರುತ್ತದೆ!

ನಮ್ಮ ಕಂದು ಚರ್ಮಕ್ಕೆ ಲಾಂಗ್-ಪಲ್ಸ್ ಎನ್‌ಡಿ-ಯಾಗ್ ಎಲ್ಲಕ್ಕಿಂತ ಸುರಕ್ಷಿತ. ತಂಪು ಮಾಡುವ ವ್ಯವಸ್ಥೆ ಇರುವ ಡಯೋಡ್ ಲೇಸರ್ ಕೂಡ ಆಗುತ್ತದೆ. 755 ನ್ಯಾನೋಮೀಟರ್‌ನ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿ ಚರ್ಮದವರಿಗೆ ಸರಿ, ಇಲ್ಲಿ ಸುಟ್ಟ ಗಾಯದ ಭಯ ಜಾಸ್ತಿ. ಯಾವ ಮೆಷಿನ್ ಅಂತ ಕೇಳಿದಾಗ ಹೆಸರು ಹೇಳದೆ "ಲೇಟೆಸ್ಟ್ ಟೆಕ್ನಾಲಜಿ" ಅಂದರೆ ಎದ್ದು ಬನ್ನಿ. ಮೊದಲು ದವಡೆಯ ಕೆಳಗೆ ಸ್ವಲ್ಪ ಜಾಗದಲ್ಲಿ ಹಾಕಿಸಿ, ಎರಡು-ಮೂರು ವಾರ ಕಾದು ನೋಡಿ.

ಥ್ರೆಡ್ಡಿಂಗ್ ಒಂದು ತಿಂಗಳು ಮೊದಲೇ ನಿಲ್ಲಬೇಕು. ಲೇಸರ್ ಹುಡುಕುವುದು ಕೂದಲಿನ ಬೇರಿನಲ್ಲಿರುವ ಕಪ್ಪು ಬಣ್ಣವನ್ನು. ಬೇರು ಕಿತ್ತು ಹೋದರೆ ಅದಕ್ಕೆ ಗುರಿಯೇ ಇರುವುದಿಲ್ಲ. ಶೇವ್ ಮಾಡಬಹುದು. ಶೇವ್ ಮಾಡಿದರೆ ಕೂದಲು ದಪ್ಪ ಬರುತ್ತದೆ ಅನ್ನುವುದು ಸುಳ್ಳು. ಇನ್ನೊಂದು ಮಾತು: ಹಾರ್ಮೋನ್ ಪರೀಕ್ಷೆ, ಅದರ ಚಿಕಿತ್ಸೆ ಜೊತೆಯಲ್ಲೇ ನಡೆಯಲಿ. ಇಲ್ಲದಿದ್ದರೆ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಜನ್ಮಕ್ಕೆ ಬರುವುದಿಲ್ಲ ಅಂತ ಯಾರೂ ಗ್ಯಾರಂಟಿ ಕೊಡಲಾರರು. ವರ್ಷಕ್ಕೆ ಒಂದೆರಡು ಸಲ ಮತ್ತೆ ಹಾಕಿಸಬೇಕಾಗಬಹುದು.

ಪ್ರಶ್ನೆ: ಉಪ್ಪಳದವನು, ದುಬೈಯಲ್ಲಿ ಸೈಟ್ ಸೂಪರ್‌ವೈಸರ್. ಡಿಸೆಂಬರ್‌ನಲ್ಲಿ 40 ದಿನ ರಜೆ. ಮೊಡವೆ ಗುಳಿಗಳಿಗೆ ಸಿಓಟು (ಕಾರ್ಬನ್ ಡೈಆಕ್ಸೈಡ್) ಲೇಸರ್ ಮಾಡಿಸಬಹುದಾ?

ಉತ್ತರ: ಒಂದು ಸಿಟ್ಟಿಂಗ್ ಮಾಡಿಸಬಹುದು, ರಜೆಯ ಮೊದಲ ವಾರದಲ್ಲೇ. ಕೊನೆಗೆ ಇಟ್ಟುಕೊಂಡರೆ ಹಸಿ ಮುಖ ಹೊತ್ತು ಸೈಟಿನ ಬಿಸಿಲಿಗೆ ಹೋಗಬೇಕಾಗುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿಯ ಸೂರ್ಯ ನಮ್ಮಲ್ಲಿಗಿಂತ ಕೆಳಗೇ ಇರುತ್ತಾನೆ, ಆದರೆ ಇಡೀ ದಿನ ಹೊರಗೆ ನಿಲ್ಲುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಐದಾರು ದಿನ ಮುಖ ಕೆಂಪಾಗಿ, ಕಂದು ಪೊರೆ ಕಟ್ಟಿ ಉದುರುತ್ತದೆ. ಕೀಳಬೇಡಿ. ಬರೀ ವ್ಯಾಸಲೀನ್ ಸಾಕು, ಅರಿಶಿನ, ತೆಂಗಿನೆಣ್ಣೆ ಎರಡೂ ಬೇಡ.

ಗುಳಿಗಳೆಲ್ಲ ಒಂದೇ ಥರ ಅಲ್ಲ. ಸೂಜಿ ಚುಚ್ಚಿದಂತೆ ಆಳ ಇರುವುದಕ್ಕೆ ಲೇಸರ್ ಮುಟ್ಟುವುದೇ ಇಲ್ಲ, ಒಂದೊಂದಕ್ಕೂ ಆಸಿಡ್ ಹನಿ ಇಡಬೇಕು. ಅಗಲವಾಗಿ ತಗ್ಗಾಗಿರುವುದಕ್ಕೆ ಚರ್ಮದ ಅಡಿಯ ಎಳೆಗಳನ್ನು ಸೂಜಿಯಿಂದ ಬಿಡಿಸಬೇಕು. ಕಪ್ಪು ಕಲೆ ಬೀಳುವ ಚರ್ಮ ನಿಮ್ಮದಾದರೆ ಮೈಕ್ರೋನೀಡ್ಲಿಂಗ್ ಆರ್‌ಎಫ್ (ಸಣ್ಣ ಸೂಜಿಗಳ ಮೂಲಕ ಚರ್ಮದೊಳಗೆ ರೇಡಿಯೋ ತರಂಗದ ಶಾಖ ಕೊಡುವುದು) ಬಗ್ಗೆ ವೈದ್ಯರನ್ನು ಕೇಳಿ, ಅದರಲ್ಲಿ ಆ ತೊಂದರೆ ಕಡಿಮೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿಂದಿದ್ದರೆ ಯಾವಾಗ ನಿಲ್ಲಿಸಿದ್ದು ಅಂತ ಹೇಳಿ. ಹಳೇ ಗಾಯ ಯಾವುದಾದರೂ ಉಬ್ಬಿ ಬೆಳೆದದ್ದಿದ್ದರೆ, ಬಾಯಿ ಸುತ್ತ ಜ್ವರದ ಗುಳ್ಳೆ ಏಳುವ ಅಭ್ಯಾಸ ಇದ್ದರೆ ಅದನ್ನೂ ಮೊದಲೇ ಹೇಳಿ. ಗುಳ್ಳೆಗೆ ಮುಂಚಿತವಾಗಿ ಮಾತ್ರೆ ಕೊಡುತ್ತಾರೆ. ಇನ್ನೂ ಹೊಸ ಮೊಡವೆ ಏಳುತ್ತಿದ್ದರೆ ಈ ರಜೆಯಲ್ಲಿ ಅದನ್ನು ನಿಲ್ಲಿಸಿಕೊಳ್ಳಿ, ಗುಳಿ ಮುಂದಿನ ರಜೆಗಾಯಿತು.